ಸೊನ್ನೆಯೊಳಗಿನ ಗಾಣ: ನಮ್ಮ ಎಣ್ಣೆಗೆ ಲೋಗೊ ಮಾಡಿಸಿದ ಅನುಭವ

ಮರದ ಗಾಣದಲ್ಲಿ ಎಣ್ಣೆ ತೆಗೆದು ಮಾರುವ ನಮ್ಮ ಮನೆಯ ಉದ್ಯಮಕ್ಕೆ ಬಹುಕಾಲ ಲೋಗೊ ಎಂಬುದೇ ಇರಲಿಲ್ಲ. ಇದ್ದದ್ದು ಒಂದು ಲೇಬಲ್ಲು ಮಾತ್ರ. ಅದನ್ನು ಅಚ್ಚು ಹಾಕಿಕೊಟ್ಟ ಮುದ್ರಣಾಲಯದ ಡಿಟಿಪಿಯವರು ಮೂಲೆಯಲ್ಲಿ ಒಂದು ಎಣ್ಣೆಹನಿ, ಎರಡು ಎಲೆ, ಹಿಂದೊಂದು ತೆಂಗಿನಮರ ಇಟ್ಟು, ನಡುವೆ ನಮ್ಮ ಹೆಸರನ್ನು ‘ನುಡಿ’ ತಂತ್ರಾಂಶದ ದಪ್ಪಕ್ಷರದಲ್ಲಿ ಕೂರಿಸಿ, ಅದಕ್ಕೆಂದು ಬೇರೆ ದುಡ್ಡನ್ನೂ ಕೇಳದೆ ಕೊಟ್ಟಿದ್ದರು. ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರಿನ ಸೀಮೆಯಲ್ಲಿ, ನಮ್ಮ ಮುಖ ನೋಡಿಯೇ ಎಣ್ಣೆ ಕೊಳ್ಳುವ ಗಿರಾಕಿಗಳ ನಡುವೆ, ಅಷ್ಟು ಸಾಕಾಗಿತ್ತು. ಬೆಂಗಳೂರಿನ ಕೆಲವು ದಿನಸಿ ಅಂಗಡಿಗಳಿಗೆ ಕಡಲೆಕಾಯಿ, ಕೊಬ್ಬರಿ ಮತ್ತು ಹುಚ್ಚೆಳ್ಳಿನ ಎಣ್ಣೆಯನ್ನು ಕಳಿಸತೊಡಗಿದ ಮೇಲೆ ಅದು ಸಾಲದೆ ಬಂತು. ಅಲ್ಲಿನ ಕಪಾಟುಗಳಲ್ಲಿ ಹನಿ ಅಥವಾ ಎಲೆ ಇಲ್ಲದ ಎಣ್ಣೆ ಬಾಟಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಟ್ರೇಡ್‌ಮಾರ್ಕ್ ಅರ್ಜಿ ಹಾಕಿಕೊಡುವ ವಕೀಲರಂತೂ ಆ ಲೇಬಲ್ಲನ್ನು ನೋಡಿದ ಕೂಡಲೇ, ಎಲ್ಲರೂ ಇಳಿಸಿಕೊಂಡು ಬಳಸುವ ಚಿತ್ರವನ್ನು ನಮ್ಮದೆಂದು ಹೇಳಿಕೊಳ್ಳುವುದು ಕಷ್ಟ, ಮೊದಲು ನಮ್ಮದೇ ಆದ ಒಂದು ಗುರುತು ಮಾಡಿಸಿಕೊಂಡು ಬನ್ನಿ ಎಂದರು.

ನಮ್ಮ ಉದ್ಯಮದ ಹೆಸರನ್ನು ಇಲ್ಲಿ ಬೇಕೆಂದೇ ಹೇಳುತ್ತಿಲ್ಲ, ಹೇಳಿದರೆ ಇದು ಜಾಹೀರಾತಾದೀತು. ಆದರೆ ಅದರ ಆಕಾರವನ್ನು ಹೇಳದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ನಾಲ್ಕು ಅಕ್ಷರದ ಹೆಸರು. ಎರಡನೆಯ ಅಕ್ಷರದ ಮುಂದೆ ಒಂದು ಸೊನ್ನೆ, ಮೂರನೆಯದು ಮಹಾಪ್ರಾಣದ ‘ಧ’, ಕೊನೆಯದರ ಕೆಳಗೆ ಒಂದು ಒತ್ತು.

ವಿನ್ಯಾಸಕರನ್ನು ಹುಡುಕುವಾಗ ಕಂಡ ದರಗಳ ಅಂತರ ನಮ್ಮನ್ನು ಗಾಬರಿಗೊಳಿಸಿತು. ಕೆಲವು ನೂರು ರೂಪಾಯಿಗೆ ಒಂದೇ ದಿನದಲ್ಲಿ ಹತ್ತಾರು ಮಾದರಿ ಕಳಿಸುತ್ತೇವೆ ಎನ್ನುವವರಿಂದ ಹಿಡಿದು, ಲಕ್ಷಗಳ ಮಾತಾಡುವ ಜಾಹೀರಾತು ಸಂಸ್ಥೆಗಳವರೆಗೆ ಎಲ್ಲರೂ ಮಾಡಿಕೊಡುವುದು ಲೋಗೊವನ್ನೇ. ಕೊನೆಗೆ ಬೆಂಗಳೂರಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಒಬ್ಬ ವಿನ್ಯಾಸಕಿಯನ್ನು ಒಪ್ಪಿಕೊಂಡೆವು. ಅವರು ಹಿಂದೆ ಮಾಡಿದ ಕೆಲಸಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷಿನ ಕೆಳಗೆ ಸಣ್ಣದಾಗಿ ಮುದುಡಿಕೊಂಡಿರಲಿಲ್ಲ, ತಮ್ಮ ಕಾಲ ಮೇಲೆ ತಾವು ನಿಂತಿದ್ದವು ಎಂಬುದೇ ನಮ್ಮ ಆಯ್ಕೆಗೆ ಮುಖ್ಯ ಕಾರಣ. ಅರ್ಧ ಹಣ ಮುಂಗಡ, ಕಾಲು ಭಾಗ ಒಂದು ಮಾದರಿಯನ್ನು ಒಪ್ಪಿದ ಮೇಲೆ, ಉಳಿದದ್ದು ಕಡತಗಳನ್ನು ಒಪ್ಪಿಸುವ ಮೊದಲು ಎಂದು ಮಾತಾಯಿತು. ಅವರಿಗೆ ಜಿಎಸ್‌ಟಿ ನೋಂದಣಿ ಇದ್ದುದರಿಂದ ಅದರ ಮೇಲೆ ಶೇಕಡ 18 ಸೇರಿತು.

ಕೆಲಸ ಆರಂಭಿಸುವ ಮೊದಲೇ ಅವರು ಕಳಿಸಿದ ಕರಾರುಪತ್ರದಲ್ಲಿ ಒಂದು ಅಂಶವಿತ್ತು. ಕೃತಿಸ್ವಾಮ್ಯದ ವಿಷಯವನ್ನು ನಾವಾಗಿ ಕೇಳುತ್ತಿರಲಿಲ್ಲ, ಏಕೆಂದರೆ ದುಡ್ಡು ಕೊಟ್ಟು ಮಾಡಿಸಿದ ವಸ್ತು ನಮ್ಮದೇ ಎಂಬುದು ನಮ್ಮ ಲೆಕ್ಕ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕ ಬೇರೆ. ಸಂಬಳದ ನೌಕರರಲ್ಲದ, ಹೊರಗಿನ ವಿನ್ಯಾಸಕರು ರಚಿಸಿದ ಇಂಥ ಲೋಗೊಗೆ ಸಾಮಾನ್ಯವಾಗಿ ಮೊದಲ ಒಡೆಯರು ಅದನ್ನು ರಚಿಸಿದವರೇ. ಅದು ನಮಗೆ ಬರಬೇಕಾದರೆ ಅವರು ಸಹಿ ಹಾಕಿದ ಬರಹದ ಹಸ್ತಾಂತರವೇ ಬೇಕು. ಆ ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ ಕಾನೂನು ಅದನ್ನು ಐದು ವರ್ಷವೆಂದು ತಿಳಿಯುತ್ತದೆ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದು ತಿಳಿಯುತ್ತದೆ. ಹೀಗಾಗಿ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ, ಅಂತಿಮ ಕಂತು ಪಾವತಿಯಾದ ದಿನದಿಂದ ಹಕ್ಕು ನಮ್ಮದು ಎಂದು ಅವರೇ ಬರೆದಿದ್ದರು. ತಮ್ಮ ಕೆಲಸದ ಮಾದರಿಯಾಗಿ ಅದನ್ನು ಇತರರಿಗೆ ತೋರಿಸುವ ಅವಕಾಶವನ್ನು ತಮಗೆ ಉಳಿಸಿಕೊಂಡಿದ್ದರು. ನಾವು ಒಪ್ಪದೆ ಬಿಟ್ಟ ಉಳಿದ ಮಾದರಿಗಳು ಮಾತ್ರ ಅವರವೇ. ಈ ಕೊನೆಯ ಮಾತಿಗೆ ನನ್ನ ತಮ್ಮ ಸ್ವಲ್ಪ ಗೊಣಗಿದ, ಆದರೆ ಅದು ನ್ಯಾಯವಾದದ್ದೇ.

ಬಳಿಕ ಬಂದದ್ದು ಒಂದು ಪ್ರಶ್ನಾವಳಿ. ‘ನಿಮಗೆ ಯಾವ ಬಣ್ಣ ಇಷ್ಟ’ ಎಂಬ ಪ್ರಶ್ನೆ ಅದರಲ್ಲಿ ಇರಲೇ ಇಲ್ಲ. ಎಣ್ಣೆಯನ್ನು ಯಾರು ಕೊಳ್ಳುತ್ತಾರೆ, ಬಾಟಲಿ ಅಂಗಡಿಯ ಯಾವ ಎತ್ತರದ ಕಪಾಟಿನಲ್ಲಿ ಇರುತ್ತದೆ, ಅದರ ಅಕ್ಕಪಕ್ಕ ಯಾವುದು ಇರುತ್ತದೆ, ಬಿಲ್ಲು ಯಾವ ಯಂತ್ರದಲ್ಲಿ ಅಚ್ಚಾಗುತ್ತದೆ, ರಟ್ಟಿನ ಪೆಟ್ಟಿಗೆ ಎಲ್ಲಿಂದ ಬರುತ್ತದೆ, 15 ಲೀಟರಿನ ತಗಡಿನ ಡಬ್ಬಿಯ ಮೇಲೆ ಹೆಸರನ್ನು ಹೇಗೆ ಹಾಕುತ್ತೀರಿ, ಐದು ವರ್ಷದಲ್ಲಿ ಎಣ್ಣೆಯಲ್ಲದೆ ಬೇರೇನು ಮಾರುವ ಅಂದಾಜಿದೆ, ಇಂಥವೇ ಇದ್ದವು. ಹೆಸರು ಬೀಳುವ ಜಾಗಗಳನ್ನೆಲ್ಲ ಒಂದೂ ಬಿಡದೆ ಪಟ್ಟಿ ಮಾಡಿ ಕಳಿಸಿ ಎಂದು ಕೇಳಿದ್ದರು. ಆ ಪಟ್ಟಿ ಬೆಳೆಯುತ್ತ ಹೋಗಿ ರಬ್ಬರ್ ಮೊಹರು, ಬಟ್ಟೆಯ ಚೀಲ, ಸರಕು ಸಾಗಿಸುವ ಆಟೊದ ಹಿಂಬದಿ, ವಾಟ್ಸ್‌ಆಪ್‌ನ ದುಂಡನೆಯ ಚಿತ್ರ, ರಸ್ತೆಬದಿಯ ಬೋರ್ಡು ಎಂದು ಒಂದು ಪುಟ ತುಂಬಿತು. ಚಿತ್ರ ಬರೆಯಲು ಇಷ್ಟೆಲ್ಲ ಏಕೆ ಎಂದು ಆಗ ಅನ್ನಿಸಿದ್ದು ನಿಜ. ಕೆಲಸ ಮುಗಿಯುವ ಹೊತ್ತಿಗೆ, ಲೋಗೊವನ್ನು ತೀರ್ಮಾನಿಸಿದ್ದೇ ಆ ಪಟ್ಟಿ ಎಂಬುದು ಸ್ಪಷ್ಟವಾಯಿತು.

ಅವರು ಗಾಣವನ್ನು ನೋಡಲು ಬಂದರು. ನಮ್ಮದು ಬಾಗೆ ಮರದ ಒರಳು. ಅದರೊಳಗೆ ಓರೆಯಾಗಿ ನಿಂತು, ಅಂಚನ್ನು ಒತ್ತುತ್ತ ಕಡಲೆಬೀಜವನ್ನು ಅರೆಯುವ ಮರದ ಕಂಬ. ಎತ್ತಿನ ಬದಲು ವಿದ್ಯುತ್ ಮೋಟಾರು ಇದ್ದರೂ ನಿಧಾನಗತಿ ಹಳೆಯ ಗಾಣದ್ದೇ, ಆದ್ದರಿಂದಲೇ ಎಣ್ಣೆ ಹೆಚ್ಚು ಕಾಯುವುದಿಲ್ಲ. ಬಂದವರು ಫೋಟೊ ತೆಗೆದದ್ದು ಕಡಿಮೆ. ಬೀಜ ಸುರಿಯುವುದರಿಂದ ಹಿಡಿದು ಮಡ್ಡಿ ಇಳಿಯಲೆಂದು ಎಣ್ಣೆಯನ್ನು ಸ್ಟೀಲ್ ಡ್ರಮ್ಮುಗಳಿಗೆ ತುಂಬುವವರೆಗೆ ನೋಡುತ್ತ ನಿಂತಿದ್ದರು. ಕೆಲಸದಾಳುಗಳು ಒಂದು ಡಬ್ಬಿಯನ್ನು ಇನ್ನೊಂದರಿಂದ ಹೇಗೆ ಗುರುತಿಸುತ್ತಾರೆ ಎಂದು ವಿಚಾರಿಸಿದರು. ಎಣ್ಣೆ ಸೋಕಿ ಕಾಗದದ ಲೇಬಲ್ಲಿನ ಬಿಳಿ ಪಾರದರ್ಶಕವಾಗಿ, ಅಕ್ಷರಗಳು ಮಸುಕಾಗಿದ್ದ ಒಂದು ಬಾಟಲಿಯನ್ನು ಕೇಳಿ ತೆಗೆದುಕೊಂಡು ಹೋದರು.

ಮೊದಲ ಚರ್ಚೆ ನಮ್ಮ ತಂದೆಯವರೊಂದಿಗೆ. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಸಿಂಹದ ಮೈ, ಆನೆಯ ತಲೆಯ ಶರಭವನ್ನು ನೋಡಿ ಬೆಳೆದ ಅವರಿಗೆ ಚಿತ್ರವಿಲ್ಲದ ಗುರುತು ಗುರುತೇ ಅಲ್ಲ. ಮನೆದೇವರ ಚಿತ್ರವಿದ್ದರೆ ಇನ್ನೂ ಒಳ್ಳೆಯದು. ವಿನ್ಯಾಸಕಿ ಅವರ ಮಾತನ್ನು ತಳ್ಳಿಹಾಕಲಿಲ್ಲ. ‘ಖಾಲಿ ಬಾಟಲಿ ಕಸಕ್ಕೆ ಹೋಗುತ್ತದೆ ಸರ್, ಜಿಡ್ಡಾದ ಲೇಬಲ್ಲನ್ನು ಜನ ತುಳಿಯುತ್ತಾರೆ, ದೇವರನ್ನು ಅಲ್ಲಿ ಇಡುವುದು ನಿಮಗೇ ಒಪ್ಪಿಗೆಯಾಗುವುದಿಲ್ಲ’ ಎಂದರು. ಶರಭದ ಬಗ್ಗೆ ಅವರು ಹೇಳಿದ್ದು ಇನ್ನೂ ಬೆಲೆಯುಳ್ಳ ಮಾತು. ಆ ಪ್ರಾಣಿಗೂ ಗಂಧಕ್ಕೂ ಸೋಪಿಗೂ ನೇರವಾದ ನಂಟು ಕಾಣುವುದಿಲ್ಲ, ಆದರೂ ಅದನ್ನು ಕಂಡರೆ ಕಣ್ಣಿಗೆ ಬರುವುದು ಆ ಸೋಪೇ. ಗುರುತು ಎಂಬುದು ಸರಕಿನ ಚಿತ್ರವಾಗಬೇಕಿಲ್ಲ. ಬೇರೆ ಯಾರದೂ ಅಲ್ಲ ಎನ್ನುವಂತೆ ಇದ್ದು, ಬಹುಕಾಲ ಬದಲಾಗದೆ ನಿಂತರೆ ಸಾಕು. ತಂದೆಯವರು ಪೂರ್ತಿ ಒಪ್ಪಲಿಲ್ಲವಾದರೂ ದೇವರ ಮಾತನ್ನು ಮುಂದೆ ಎತ್ತಲಿಲ್ಲ.

ಕೆಲವು ವಾರಗಳ ಬಳಿಕ ಮೂರು ದಿಕ್ಕುಗಳ ಕರಡುಗಳು ಬಂದವು, ಎಲ್ಲವೂ ಕಪ್ಪು-ಬಿಳುಪಿನಲ್ಲಿ. ಬಣ್ಣ ಕಂಡರೆ ಆಕಾರದ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂಬುದು ಅವರ ಅನುಭವವಂತೆ. ಮೊದಲನೆಯದು ಕಡಲೆಕಾಯಿ ಮತ್ತು ಹನಿಯನ್ನು ಹೆಣೆದ ಚಿತ್ರ. ಮನೆಯಲ್ಲಿ ಹೆಚ್ಚಿನವರ ಮನಸ್ಸು ಗೆದ್ದದ್ದು ಅದೇ. ಎರಡನೆಯದು ಒರಳಿನ ವೃತ್ತ, ಅದರೊಳಗೆ ಓರೆಯ ಕಂಬ. ಮೂರನೆಯದರಲ್ಲಿ ಚಿತ್ರವೇ ಇಲ್ಲ, ನಮ್ಮ ಹೆಸರಿನ ನಾಲ್ಕು ಅಕ್ಷರಗಳು ಮಾತ್ರ. ‘ಇಷ್ಟಕ್ಕೆ ಇಷ್ಟು ದುಡ್ಡೇ?’ ಎಂದು ನಮ್ಮ ಸೋದರಮಾವ ಎಲ್ಲರ ಪರವಾಗಿ ಕೇಳಿಯೇಬಿಟ್ಟರು. ವೃತ್ತದ ಚಿತ್ರವನ್ನು ನೋಡಿ, ‘ಇದೇನು, ನೋ ಪಾರ್ಕಿಂಗ್ ಬೋರ್ಡೇ?’ ಎಂದದ್ದೂ ಅವರೇ. ಅವರು ಹೇಳಿದ ಮೇಲೆ ಅದು ಬೇರೆ ಯಾವ ರೀತಿಯಲ್ಲೂ ಕಾಣದಾಯಿತು. ವೃತ್ತವನ್ನು ಓರೆಗೆರೆ ದಾಟಿದರೆ ಕಣ್ಣು ಅದನ್ನು ನಿಷೇಧದ ಚಿಹ್ನೆಯೆಂದೇ ಓದುತ್ತದೆ. ಈ ಆಕ್ಷೇಪವನ್ನು ವಿನ್ಯಾಸಕಿ ಒಂದು ಮಾತೂ ಎದುರಾಡದೆ ಬರೆದುಕೊಂಡರು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎನ್ನುವುದಕ್ಕಿಂತ ‘ಇದು ನನಗೆ ಇಂಥದ್ದರಂತೆ ಕಾಣುತ್ತದೆ’ ಎನ್ನುವ ಅಭಿಪ್ರಾಯ ಅವರಿಗೆ ಹತ್ತು ಪಟ್ಟು ಉಪಯೋಗವಂತೆ.

ಅವರು ಮೂರನ್ನೂ ಬಾಟಲಿಯ ಅಳತೆಗೆ ಅಚ್ಚು ಹಾಕಿಸಿ, ನಿಜವಾದ ಬಾಟಲಿಗಳಿಗೆ ಅಂಟಿಸಿ, ಪರಿಚಯದ ಅಂಗಡಿಯೊಂದರ ಕಪಾಟಿನಲ್ಲಿ ಇಡಿಸಿದರು. ಒಂದು ಲೀಟರಿನ ಬಾಟಲಿಯ ಸುತ್ತ ಲೇಬಲ್ಲು ಎಷ್ಟೇ ಅಗಲವಿರಲಿ, ಎದುರಿಗೆ ನಿಂತವರ ಕಣ್ಣಿಗೆ ಚೆನ್ನಾಗಿ ಕಾಣುವುದು ಸುತ್ತಳತೆಯ ಸುಮಾರು ಮೂರನೆಯ ಒಂದು ಭಾಗ. ಲೇಬಲ್ಲಿನ ಮೇಲೆ ಕಡ್ಡಾಯವಾಗಿ ಇರಬೇಕಾದದ್ದೂ ಸಣ್ಣದಲ್ಲ: ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಪೌಷ್ಟಿಕಾಂಶದ ಪಟ್ಟಿ, ನಿವ್ವಳ ಪ್ರಮಾಣ, ಬೆಲೆ, ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ, ದೂರು ಹೇಳುವ ವಿಳಾಸ, ಸಸ್ಯಾಹಾರದ ಹಸಿರು ಚುಕ್ಕೆ. ಈ ಸಂತೆಯ ನಡುವೆ ಕಡಲೆಕಾಯಿ ಮತ್ತು ಹನಿಯ ಚಿತ್ರ ಕಾಣದೇ ಹೋಯಿತು. ಕಂಡಷ್ಟೂ ಪಕ್ಕದ ಬಾಟಲಿಗಳ ಹನಿಗಳ ಜೊತೆ ಬೆರೆತುಹೋಯಿತು. ಹಸಿರಿನಲ್ಲಿ ಅಚ್ಚಾದ ಒಂದು ಪ್ರತಿಯಲ್ಲಂತೂ, ಚೌಕದೊಳಗಿನ ಹಸಿರು ಚುಕ್ಕೆ ಯಾವುದು, ನಮ್ಮ ಹನಿ ಯಾವುದು ಎಂದು ಒಂದು ಕ್ಷಣ ಅನುಮಾನ ಬರುತ್ತಿತ್ತು. ಆರೇಳು ಅಡಿ ದೂರದಿಂದ ಓದಲು ಬಂದದ್ದು ಬರೀ ಅಕ್ಷರಗಳ ಮೂರನೆಯ ಮಾದರಿ ಒಂದೇ. ಮನೆಯ ಜಗಲಿಯಲ್ಲಿ ಮೊಬೈಲಿನಲ್ಲಿ ನೋಡಿ ನಾವು ಮಾಡಿದ್ದ ಆಯ್ಕೆ ಅಂಗಡಿಯಲ್ಲಿ ಹೀಗೆ ತಲೆಕೆಳಗಾಯಿತು. ಸೋದರಮಾವನವರೂ ಅದಕ್ಕೆ ಎದುರು ಹೇಳಲಿಲ್ಲ.

ಇಲ್ಲಿಂದ ಮುಂದಿನದು ಅಕ್ಷರಗಳ ಕೆಲಸ, ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗವೂ ಅದೇ. ಸಿದ್ಧ ಫಾಂಟಿನಲ್ಲೇ ಹೆಸರನ್ನು ಬರೆದು ಮುಗಿಸಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ ಅವರು ಎರಡು ಕಾರಣ ಕೊಟ್ಟರು. ‘ನೋಟೊ’, ‘ಬಾಲೂ ತಮ್ಮ’ ಮುಂತಾದ ಮುಕ್ತ ಪರವಾನಗಿಯ ಫಾಂಟುಗಳನ್ನು ವ್ಯಾಪಾರಕ್ಕೂ ಬಳಸಲು ಅಡ್ಡಿಯಿಲ್ಲ, ಆದರೆ ಹಾಗೆ ಅಡ್ಡಿಯಿಲ್ಲದಿರುವುದು ಎಲ್ಲರಿಗೂ. ನಾಳೆ ಎದುರಿನ ಅಂಗಡಿಯವರೂ ಅದೇ ಅಕ್ಷರದಲ್ಲಿ ತಮ್ಮ ಹೆಸರು ಬರೆಸಬಹುದು. ಎರಡನೆಯದಾಗಿ, ಫಾಂಟಿನ ಅಕ್ಷರ ಯಾವ ಪದದಲ್ಲಿ ಬೇಕಾದರೂ ಕೂರುವಂತೆ ಮಾಡಿದ್ದು, ಆದ್ದರಿಂದ ಯಾವ ಪದಕ್ಕೂ ಹೇಳಿ ಮಾಡಿಸಿದ್ದಲ್ಲ. ನಾಲ್ಕೇ ಅಕ್ಷರವಿರುವಾಗ ನಾಲ್ಕನ್ನೂ ಕೈಯಲ್ಲೇ ಬರೆಯುವುದು ಲೇಸು ಎಂದು ಅವರು ಪೆನ್ಸಿಲಿನಿಂದ ಆರಂಭಿಸಿದರು. ಅಕ್ಷರವೇ ಗುರುತಾಗಬಲ್ಲದು ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ಜೇಬಿನಲ್ಲೇ ಇತ್ತು: 2010ರಲ್ಲಿ ಜಾರಿಗೆ ಬಂದ, ಡಿ. ಉದಯ ಕುಮಾರ್ ವಿನ್ಯಾಸದ ರೂಪಾಯಿ ಚಿಹ್ನೆ. ದೇವನಾಗರಿಯ ‘ರ’ ಮತ್ತು ರೋಮನ್ನಿನ ‘ಆರ್’ ಅಲ್ಲಿ ಒಂದೇ ಮೈಯಾಗಿವೆ.

ಕನ್ನಡ ಅಕ್ಷರದ ಕಷ್ಟಗಳು ಒಂದೊಂದಾಗಿ ಹೊರಬಂದವು. ನಮ್ಮ ಮೂರನೆಯ ಅಕ್ಷರ ‘ಧ’. ಅದನ್ನು ‘ದ’ದಿಂದ ಬೇರೆ ಮಾಡುವುದು ಬುಡದಲ್ಲಿರುವ ಒಂದು ಚಿಕ್ಕ ಸೀಳು. ಸಣ್ಣ ಅಳತೆಯಲ್ಲಿ ಮಸಿ ಹರಡಿ ಆ ಸೀಳು ಮುಚ್ಚಿದರೆ ನಮ್ಮ ಹೆಸರೇ ತಪ್ಪಾಗುತ್ತದೆ. ಆದ್ದರಿಂದ ಸೀಳನ್ನು ಕಣ್ಣಿಗೆ ಸ್ವಲ್ಪ ಅತಿಯೆನಿಸುವಷ್ಟು ಅಗಲ ಮಾಡಿದರು. ಕೊನೆಯ ಅಕ್ಷರದ ಒತ್ತು ಕೆಳಕ್ಕೆ ಇಳಿಯುವುದರಿಂದ ಇಡೀ ಹೆಸರು ಬಲಕ್ಕೆ ಭಾರವಾಗಿ ವಾಲಿದಂತೆ ತೋರುತ್ತಿತ್ತು. ಅದನ್ನು ಸರಿದೂಗಿಸಲು ಮೊದಲ ಅಕ್ಷರದ ಕೊಂಬಿನ ಬಾಲವನ್ನು ಕೊಂಚ ಕೆಳಕ್ಕೆ ಎಳೆದರು. ಇದನ್ನು ನೋಡಿ ನಮ್ಮ ತಾಯಿಯವರು, ‘ನಾವು ಹೀಗೆ ಬರೆಯುವುದಿಲ್ಲ ತಾಯಿ, ಬಾಲ ಜೋಲುಬಿದ್ದ ಹಾಗಿದೆ’ ಎಂದರು. ವಿನ್ಯಾಸಕಿ ಅವರ ಕೈಗೇ ಪೆನ್ನು ಕೊಟ್ಟು ಆ ಅಕ್ಷರವನ್ನು ಬರೆಸಿಕೊಂಡರು. ಬಾಲ ಎಲ್ಲಿ ತಿರುಗಬೇಕೆಂಬುದು ಆ ಬರಹದಿಂದಲೇ ತೀರ್ಮಾನವಾಯಿತು. ಶಾಲೆಯ ಕಾಪಿ ಪುಸ್ತಕದಲ್ಲಿ ತಿದ್ದಿದ ಕೈಗೆ ಅಕ್ಷರದ ಓಟ ಚೆನ್ನಾಗಿ ಗೊತ್ತಿರುತ್ತದೆ.

ಗಾಣ ಹಿಂತಿರುಗಿ ಬಂದದ್ದು ಸೊನ್ನೆಯಲ್ಲಿ. ಒರಳನ್ನು ಮೇಲಿನಿಂದ ನೋಡಿದರೆ ವೃತ್ತ, ನಮ್ಮ ಹೆಸರಿನ ನಡುವಿನ ಸೊನ್ನೆಯೂ ವೃತ್ತ. ಎರಡನ್ನೂ ಒಂದು ಮಾಡಬಹುದೆಂಬುದು ಹೇಳಿದ ಮೇಲೆ ಸುಲಭವಾಗಿ ಕಾಣುತ್ತದೆ, ಹೇಳುವ ತನಕ ನಮಗಾರಿಗೂ ಹೊಳೆದಿರಲಿಲ್ಲ. ಕಂಬವನ್ನು ಹೇಗೆ ತೋರಿಸುವುದು ಎಂಬುದೇ ತೊಡಕಾಯಿತು. ಗೆರೆ ಸೊನ್ನೆಯನ್ನು ದಾಟಿದರೆ ಮತ್ತೆ ನಿಷೇಧದ ಚಿಹ್ನೆ. ನಡುವಿನಿಂದ ಹೊರಟು ಮೇಲಕ್ಕೆ ಚಾಚಿಕೊಂಡರೆ ಸೌಟು. ಕೊನೆಗೆ ಕಂಬವನ್ನು ಬರೆಯುವುದನ್ನೇ ಕೈಬಿಟ್ಟರು. ಸೊನ್ನೆಯ ಹೊರ ಅಂಚು ಪೂರ್ಣ ವೃತ್ತವಾಗಿಯೇ ಉಳಿಯಿತು. ಒಳಗಿನ ತೂತನ್ನು ಮಾತ್ರ ಓರೆಯಾದ ಅಂಡಾಕಾರವಾಗಿಸಿ ಒಂದು ಬದಿಗೆ ಸರಿಸಿದರು. ತಿರುಗುವ ಕಂಬ ಒಂದು ಕಡೆ ಒತ್ತಿದಂತೆ ಸೊನ್ನೆಯ ಗೋಡೆ ಒಂದೆಡೆ ತೆಳ್ಳಗೆ, ಇನ್ನೊಂದೆಡೆ ದಪ್ಪಗೆ ಆಯಿತು. ಆ ಓರೆಯ ಕೋನದಲ್ಲೇ ತಲೆಕಟ್ಟುಗಳ ತುದಿಗಳನ್ನೂ, ಕೆಳಗಿನ ಇಂಗ್ಲಿಷ್ ಅಕ್ಷರಗಳ ತುದಿಗಳನ್ನೂ ಕತ್ತರಿಸಿದ್ದರಿಂದ ಎರಡು ಲಿಪಿಗಳಿಗೂ ಒಂದೇ ಕೈಯ ಗುರುತು ಬಂತು. ಇದರಲ್ಲಿ ಗಾಣವನ್ನು ಕಾಣುವವರು ಕಾಣುತ್ತಾರೆ. ಕಾಣದವರಿಗೆ ಅದು ಸೊನ್ನೆ, ಹೆಸರನ್ನು ಓದಲು ಅಷ್ಟು ಸಾಕು. ವಾಟ್ಸ್‌ಆಪ್‌ನ ಪುಟ್ಟ ವೃತ್ತದಲ್ಲಿ, ಬಾಟಲಿಯ ಮುಚ್ಚಳದ ಮೇಲೆ ಆ ಸೊನ್ನೆಯೊಂದೇ ನಿಲ್ಲುತ್ತದೆ.

ಪಟ್ಟಿಯಲ್ಲಿದ್ದ ಜಾಗಗಳ ಪರೀಕ್ಷೆ ಅನಂತರ ನಡೆಯಿತು. ಅತ್ಯಂತ ಬಡ ಜಾಗವೆಂದರೆ ಬಿಲ್ಲಿನ ಥರ್ಮಲ್ ಯಂತ್ರ. 58 ಮಿಲಿಮೀಟರ್ ಅಗಲದ ಸುರುಳಿಯಲ್ಲಿ ಅಚ್ಚು ಬೀಳುವುದು 48 ಮಿಲಿಮೀಟರ್, ಅಡ್ಡಕ್ಕೆ 384 ಚುಕ್ಕೆ, ಬಣ್ಣ ಕಪ್ಪೊಂದೇ, ಬೂದುಛಾಯೆ ಎಂಬುದಿಲ್ಲ. ಮೊದಲ ಸಲ ಅಚ್ಚು ಹಾಕಿದಾಗ ‘ಧ’ದ ಸೀಳು ಮುಚ್ಚಿಯೇಹೋಯಿತು; ಅದನ್ನು ಇನ್ನಷ್ಟು ಅಗಲ ಮಾಡಿದರು. ಕಂದು ರಟ್ಟಿನ ಪೆಟ್ಟಿಗೆ ಇನ್ನೊಂದು ಪಾಠ ಕಲಿಸಿತು. ನನ್ನ ತಮ್ಮನಿಗೆ ಕಡಲೆ ಎಣ್ಣೆಯ ಹೊಂಬಣ್ಣವೇ ಲೋಗೊಗೆ ಬೇಕಿತ್ತು. ಕಂಪ್ಯೂಟರ್ ಪರದೆ ಬೆಳಕಿನಿಂದ ತೋರಿಸುವ ಆ ಹೊಂಬಣ್ಣವನ್ನು ಮಸಿಯಲ್ಲಿ ಹಾಗೆಯೇ ತರಲು ಬರುವುದಿಲ್ಲ. ಹಳದಿಯ ಮಸಿ ತೀರ ಪಾರದರ್ಶಕ, ಕಂದು ರಟ್ಟಿನ ಮೇಲೆ ಬಿದ್ದರೆ ಒಣ ಮಣ್ಣಿನಂತೆ ಕಾಣುತ್ತದೆ. ಅದರ ಜೊತೆಗೆ ಬಟ್ಟೆ ಚೀಲದ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಬೇಕು. ಮುಂದೆ ಎಣ್ಣೆಯ ಪ್ಯಾಕೆಟ್ಟುಗಳನ್ನು ಕೊರೆದ ಸಿಲಿಂಡರಿನಿಂದ ಮುದ್ರಿಸುವ ಗ್ರವೂರ್ ಯಂತ್ರದಲ್ಲಿ ಅಚ್ಚು ಹಾಕಿಸುವುದಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರು, ಅದರ ಖರ್ಚು ಬೇರೆ. ಈ ಲೆಕ್ಕವನ್ನು ಮುಂದಿಟ್ಟ ಮೇಲೆ ಲೋಗೊಗೆ ಒಂದೇ ಕಡುಗಂದು ಬಣ್ಣ, ಎಣ್ಣೆಯ ಜಾತಿಗೆ ತಕ್ಕಂತೆ ಲೇಬಲ್ಲಿನ ಹಿನ್ನೆಲೆ ಮಾತ್ರ ಬದಲು ಎಂಬ ತೀರ್ಮಾನಕ್ಕೆ ಎಲ್ಲರೂ ಬಂದೆವು. ತಮ್ಮನ ಹೊಂಬಣ್ಣ ಕಡಲೆ ಎಣ್ಣೆಯ ಹಿನ್ನೆಲೆಯಾಗಿ ಉಳಿಯಿತು. ಲೇಬಲ್ಲಿಗೆ ಕಾಗದದ ಬದಲು ಪ್ಲಾಸ್ಟಿಕ್ ಹಾಳೆ ಬಳಸುವ ಸಲಹೆ, ಅವರು ಕೇಳಿ ಒಯ್ದಿದ್ದ ಆ ಜಿಡ್ಡು ಬಾಟಲಿಯಿಂದ ಹುಟ್ಟಿದ್ದು.

ನಡುವೆ ಹೆಸರಿನ ಸಂಖ್ಯೆ ಕೂಡಿ ಬರುವುದಿಲ್ಲ, ಇಂಗ್ಲಿಷಿನಲ್ಲಿ ಒಂದು ‘ಎ’ ಹೆಚ್ಚು ಸೇರಿಸಿ ಎಂದು ಬಂಧುವೊಬ್ಬರ ಸಲಹೆಯೂ ಬಂದಿತ್ತು. ವಿನ್ಯಾಸಕಿ ಅದನ್ನು ನಗದೆ ಕೇಳಿ, ಅಕ್ಷರ ಬದಲಿಸುವುದಿದ್ದರೆ ಈಗಲೇ ಹೇಳಿ, ಅರ್ಜಿ ಹಾಕಿದ ಮೇಲೆ ಬದಲಿಸಿದರೆ ಹೊಸ ಅರ್ಜಿ ಬೇಕಾದೀತು ಎಂದಷ್ಟೇ ಹೇಳಿದರು. ಸಲಹೆ ತಾನಾಗಿ ಮರೆಗೆ ಸರಿಯಿತು.

ಟ್ರೇಡ್‌ಮಾರ್ಕ್ ಅರ್ಜಿಯ ಹೊತ್ತಿಗೆ ಈ ಕಪ್ಪು-ಬಿಳುಪಿನ ಶಿಸ್ತು ಇನ್ನೊಂದು ರೀತಿಯಲ್ಲಿ ಕೈಹಿಡಿಯಿತು. ಬಣ್ಣದ ಮಿತಿ ಹೇಳದೆ ಗುರುತನ್ನು ನೋಂದಾಯಿಸಿದರೆ ಅದು ಎಲ್ಲ ಬಣ್ಣಗಳಿಗೂ ಅನ್ವಯಿಸುತ್ತದೆ ಎಂದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಹೇಳುತ್ತದೆ, ಹಾಗಾಗಿ ವಕೀಲರು ಕಪ್ಪು ಪ್ರತಿಯನ್ನೇ ಕೇಳಿದರು. ಅರ್ಜಿಯಲ್ಲಿ ಗುರುತಿನ ಚಿತ್ರ 8 ಸೆಂಟಿಮೀಟರ್ ಚೌಕವನ್ನು ಮೀರಬಾರದು. ಲಿಪಿ ಹಿಂದಿಯದೋ ಇಂಗ್ಲಿಷಿನದೋ ಅಲ್ಲದಿದ್ದರೆ ಅದರ ಲಿಪ್ಯಂತರ ಮತ್ತು ಅರ್ಥವನ್ನು ಜೊತೆಗೆ ಕೊಡಬೇಕು. ನೋಂದಣಿಗಾಗಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಅಡುಗೆಯ ಎಣ್ಣೆ ಬರುವುದು 29ನೆಯ ವರ್ಗದಲ್ಲಿ; ಅದೇ ಕೊಬ್ಬರಿ ಎಣ್ಣೆಯನ್ನು ತಲೆಗೆ ಹಚ್ಚುವ ಸೌಂದರ್ಯ ಸಾಮಗ್ರಿಯಾಗಿ ಮಾರಿದರೆ 3ನೆಯ ವರ್ಗ. ನಾವು 29ಕ್ಕೆ ಮಾತ್ರ ಹಾಕಿದೆವು. ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಇತರರಿಗೆ 9,000. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಪರಿಶೀಲನೆಯಾಗಿ ಟ್ರೇಡ್ ಮಾರ್ಕ್ಸ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ಯಾರಾದರೂ ವಿರೋಧಿಸಲು ನಾಲ್ಕು ತಿಂಗಳ ಅವಕಾಶವಿರುತ್ತದೆ; ನೋಂದಣಿಯಾದರೆ ಅದರ ಅವಧಿ ಹತ್ತು ವರ್ಷ, ಮತ್ತೆ ಮತ್ತೆ ನವೀಕರಿಸಬಹುದು. ಅಲ್ಲಿಯವರೆಗೆ ಹೆಸರಿನ ಪಕ್ಕ ‘ಟಿಎಂ’ ಎಂದು ಹಾಕಿಕೊಳ್ಳಬಹುದು, ವೃತ್ತದೊಳಗಿನ ‘ಆರ್’ ಹಾಕುವಂತಿಲ್ಲ. ನೋಂದಣಿಯಿಲ್ಲದೆ ಅದನ್ನು ಬಳಸುವುದು ದಂಡಕ್ಕೆ ಗುರಿಯಾಗುವ ತಪ್ಪು. ಎಷ್ಟೋ ಲೇಬಲ್ಲುಗಳ ಮೇಲೆ ಅದನ್ನು ಅಲಂಕಾರದಂತೆ ಹಾಕಿರುವುದನ್ನು ನೋಡಿದಾಗ ಈಗ ಅಚ್ಚರಿಯಾಗುತ್ತದೆ.

ಕೈಗೆ ಬಂದ ಕಡತಗಳ ಬಗ್ಗೆಯೂ ಒಂದು ಮಾತು. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ವೆಕ್ಟರ್ ರೂಪದಲ್ಲಿ ಎಐ (ಅಡೋಬಿ ಇಲ್ಲಸ್ಟ್ರೇಟರಿನ ಕಡತ), ಪಿಡಿಎಫ್, ಎಸ್‌ವಿಜಿ; ಮೊಬೈಲು ಮತ್ತು ಜಾಲತಾಣಕ್ಕೆ ಹಿನ್ನೆಲೆಯಿಲ್ಲದ ಪಿಎನ್‌ಜಿ. ನಮ್ಮ ಕಡೆಯ ಮುದ್ರಣಾಲಯಗಳಲ್ಲಿ ನಡೆಯುವುದು ಕೋರೆಲ್ ಡ್ರಾ ಒಂದೇ ಎಂದು ಹೇಳಿದ್ದರಿಂದ ಸಿಡಿಆರ್ ರೂಪವನ್ನೂ ಕೊಟ್ಟರು. ಅಕ್ಷರಗಳೆಲ್ಲ ಗೆರೆಗಳಾಗಿ ಪರಿವರ್ತನೆಯಾಗಿದ್ದುದರಿಂದ, ನುಡಿಯಲ್ಲಿ ಟೈಪಾದದ್ದು ಯೂನಿಕೋಡ್ ಯಂತ್ರದಲ್ಲಿ ಚೆಲ್ಲಾಪಿಲ್ಲಿಯಾಗುವ ಹಳೆಯ ಗೋಳು ಇಲ್ಲಿ ಇರಲಿಲ್ಲ. ಎರಡು ಪುಟದ ಒಂದು ಸೂಚನಾಪತ್ರವೂ ಇತ್ತು: ಲೋಗೊದ ಸುತ್ತ ಸೊನ್ನೆಯಷ್ಟು ಜಾಗ ಖಾಲಿ ಬಿಡಬೇಕು, ಯಾವ ಅಳತೆಗಿಂತ ಚಿಕ್ಕದಾದರೆ ಇಂಗ್ಲಿಷ್ ಸಾಲನ್ನು ತೆಗೆದುಹಾಕಬೇಕು, ಒಂದೇ ದಿಕ್ಕಿಗೆ ಎಳೆದು ಹಿಗ್ಗಿಸಬಾರದು. ಬೋರ್ಡಿನ ಖಾಲಿ ಜಾಗವನ್ನು ಕಂಡರೆ ಅದನ್ನು ತುಂಬಲು ಅಕ್ಷರವನ್ನು ಅಡ್ಡಕ್ಕೆ ಎಳೆಯುವ ಚಪಲ ಎಲ್ಲ ಊರಿನ ಫ್ಲೆಕ್ಸ್ ಅಂಗಡಿಗಳಲ್ಲೂ ಇರುವುದರಿಂದ, ಈ ಕೊನೆಯ ಸೂಚನೆಯನ್ನು ಪ್ರತಿ ಸಲವೂ ಬಾಯಲ್ಲೇ ಹೇಳಬೇಕಾಗುತ್ತದೆ. ಬೋರ್ಡಿನ ವಿಷಯದಲ್ಲಿ ಅವರು ಮೊದಲೇ ಎಚ್ಚರ ವಹಿಸಿದ್ದರು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಾಮಫಲಕದ ಶೇಕಡ 60 ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಕನ್ನಡವನ್ನೇ ದೊಡ್ಡದಾಗಿ ಮೇಲಿಟ್ಟು ಕಟ್ಟಿದ ಲೋಗೊ ಆದ್ದರಿಂದ ಬೋರ್ಡಿಗೆ ಬೇರೆ ಜೋಡಣೆ ಬೇಕಾಗಲಿಲ್ಲ.

ಹಣದ ಬಗ್ಗೆ ಕೇಳುವವರಿಗೆ ನಾನು ಹೇಳುವುದಿಷ್ಟು: ನಾವು ಕೊಟ್ಟದ್ದು ನಮ್ಮ ಗಾಣದ ಮೋಟಾರಿನ ಬೆಲೆಗಿಂತ ಕಡಿಮೆ, ಬೋರ್ಡು ಬರೆಸಿದ ಖರ್ಚಿಗಿಂತ ಹೆಚ್ಚು. ಇದರಿಂದ ಮಾರಾಟ ಏರಿತೇ ಎಂದರೆ ಇದರಿಂದಲೇ ಎಂದು ಬೇರ್ಪಡಿಸಿ ಹೇಳಲು ಬಾರದು, ಏಕೆಂದರೆ ಅದೇ ಕಾಲಕ್ಕೆ ಬಾಟಲಿಯೂ ಬದಲಾಯಿತು, ಅಂಗಡಿಗಳೂ ಹೆಚ್ಚಾದವು. ಅಂಗಡಿಯವರು ಫೋನಿನಲ್ಲಿ ‘ಆ ಸೊನ್ನೆ ಎಣ್ಣೆ ಇನ್ನೊಂದು ಪೆಟ್ಟಿಗೆ ಕಳಿಸಿ’ ಎನ್ನತೊಡಗಿದ್ದಾರೆ ಎಂಬುದು ಮಾತ್ರ ಕಣ್ಣೆದುರಿಗಿನ ಸಂಗತಿ.

ಈಚೆಗೆ ಪಟ್ಟಿಯಲ್ಲಿಲ್ಲದ ಒಂದು ಜಾಗ ಹೊಸದಾಗಿ ಬಂತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಇದುವರೆಗೆ ಬಿಡಿಯಾಗಿ ಹೈನುಗಾರರಿಗೆ ತೂಗಿ ಕೊಡುತ್ತಿದ್ದೆವು. ಈಗ ನೇಯ್ದ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಹೆಸರು ಹಾಕಿ ಕೊಡುವ ಯೋಚನೆಯಿದೆ. ಆ ಒರಟು ನೇಯ್ಗೆಯ ಮೇಲೆ ಅಚ್ಚು ಹಾಕಿದಾಗ ಸೊನ್ನೆಯ ಓರೆ ತೂತು ಮುಚ್ಚಿ ಬರೀ ಚುಕ್ಕೆಯಾಯಿತು. ಚೀಲದ ಫೋಟೊ ಕಳಿಸಿದೆವು. ವಿನ್ಯಾಸಕಿ ತೂತನ್ನು ಹಿಗ್ಗಿಸಿ, ಸೀಳುಗಳನ್ನು ತೆರೆದು, ಒತ್ತನ್ನು ಅಕ್ಷರದಿಂದ ತುಸು ಕೆಳಗಿಳಿಸಿದ ಒಂದು ಒರಟು ಆವೃತ್ತಿಯನ್ನು ಸಣ್ಣ ಶುಲ್ಕಕ್ಕೆ ಮಾಡಿಕೊಟ್ಟರು. ಚೀಲಕ್ಕೆ ಮಾತ್ರ ಇದನ್ನು ಬಳಸಿ ಎಂದು ಸೂಚನಾಪತ್ರಕ್ಕೆ ಮೂರನೆಯ ಪುಟವನ್ನೂ ಸೇರಿಸಿದರು. ಪಶು ಆಹಾರ 31ನೆಯ ವರ್ಗಕ್ಕೆ ಸೇರುವುದರಿಂದ ಅದಕ್ಕೆ ಬೇರೆ ಅರ್ಜಿ ಹಾಕಬೇಕು. ವಕೀಲರಿಗೆ ಕಾಗದಪತ್ರಗಳನ್ನು ಒಪ್ಪಿಸಿದ್ದೇವೆ.